ಗೋಳಿ ಪಲ್ಲೆ ತಗೊಂಡು ಲೈಬ್ರರಿಗೆ

ಆಗ ನನಗ ಅರವತ್ತೇಳು. ಎರಡು ವರ್ಷದ ಹಿಂದಿನ ಮಾತು. ಆಧಾರ ಕಾರ್ಡಿನಾಗ ಅರವತ್ನಾಕು ಅಂತ ಐತಿ, ಅದನ್ನ ನಂಬಬ್ಯಾಡ್ರಿ. ಬರಸಾಕ ಹೋದವರು ಅಂದಾಜಿನ ಮ್ಯಾಲ ಹೇಳಿ ಬಂದಾರ.

ನಾನು ಚಚಡಿಯಾಕಿ. ಹೊಲದಾಗ ತಾನ ಬೆಳಿಯೋ ಪಲ್ಲೆ ಆರಿಸಿ ಬೈಲಹೊಂಗಲದ ಬಾಜಾರಕ್ಕ ಒಯ್ದು ಮಾರತೇನಿ. ಬಿತ್ತಿ ಬೆಳದ ಮೆಂತ್ಯ, ಕೊತ್ತಂಬರಿ ನನ್ನ ಕೆಲಸ ಅಲ್ಲ. ಹಕ್ಕರಕಿ, ಕಿರಕಸಾಲಿ, ಗೋಳಿ ಇಂಥಾವು. ಮಳಿ ಆದ ಮ್ಯಾಲ ಒಡ್ಡಿನ ಮ್ಯಾಲ, ಸಾಲಿನ ನಡುವ ಯಾರನ್ನೂ ಕೇಳದ ಬರತಾವು. ಗೋಳಿ ಅಂದ್ರ ನೆಲಕ್ಕ ಹಬ್ಬೋ ಪಲ್ಲೆ. ಎಲಿ ದಪ್ಪ, ದಂಟು ಕೆಂಪ, ಬಾಯಿಗೆ ಸ್ವಲ್ಪ ಹುಳಿ. ಬ್ಯಾಳಿ ಹಾಕಿ ಮಾಡಿದ್ರ ರೊಟ್ಟಿ ಎರಡು ಹೆಚ್ಚಿಗಿ ಹೋಗತಾವು. ನಲವತ್ತು ವರ್ಷ ಇದ ಕೆಲಸ ಮಾಡೇನಿ. ಸಾಲಿ ಎರಡನೇತ್ತಾ ತನಕ. ಇದನ್ನ ನಾನ ಬರಿಯಾಕ ಹತ್ತೇನಿ. ಒತ್ತಕ್ಷರ ತಪ್ಪಿದಲ್ಲಿ ಮೊಮ್ಮಗಳು ತಿದ್ದತಾಳ, ಮಾತು ತಿದ್ದಬ್ಯಾಡ ಅಂತ ಹೇಳೇನಿ.

ಆ ವರ್ಷ ನಾನು ಕಾಯಂ ಗೋಳಿ ಆರಿಸೋ ಗೋವಿನಜೋಳದ ಹೊಲಕ್ಕ ಮಾಲಕ ಕಸ ಸಾಯಿಸೋ ಔಷಧ ಹೊಡಿಸಿಬಿಟ್ಟ. ಔಷಧ ಬಿದ್ದ ಹೊಲದ ಪಲ್ಲೆ ನಾನು ಮುಟ್ಟೂದಿಲ್ಲ, ಅದು ನನ್ನ ಪದ್ಧತಿ. ಅದಕ್ಕ ಊರಾಗಿನ ಹಳೇ ವಾಡೇದ ಹಿಂದಿನ ಕಬ್ಬಿನ ಹೊಲಕ್ಕ ಹೋದೆ. ಬೋರಿನ ನೀರು ಹಾಯಿಸಿದ ನೆಲ, ಗೋಳಿ ಕಾಲಿಗೆ ತೊಡರೋ ಅಷ್ಟು ಹಬ್ಬಿತ್ತು. ಅಲ್ಲಿ ಮಾಲಕನ್ನೂ ಕೇಳಿದೆ.

"ಔಷಧ ಹೊಡದೀರೇನ್ರಿ?"

"ಇಲ್ಲಬೇ. ಬೇಕಾದಷ್ಟು ಒಯ್ಯಿ. ನಮಗ ಪುಕ್ಕಟ ಕಸ ತೆಗದಂಗ ಆಗತೈತಿ."

ಸಿವುಡು ಕಟ್ಟಿದ್ರ ನಾಕು ಆತು. ಆ ನಾಕೂ ಸಿವುಡು ಒಬ್ಬಾಕಿನ ತಗೊಂಡ್ಲು. ಹತ್ತು ವರ್ಷದಿಂದ ನನ್ನ ಕಡೇನ ಪಲ್ಲೆ ತಗೊಳ್ಳೋ ಬೈಲಹೊಂಗಲದ ಹೆಣಮಗಳು. ಆಕಿ ಮಗಳು ಏಳು ತಿಂಗಳ ಬಸರಿ, ತವರಿಗೆ ಬಂದಿದ್ಲು, ಗೋಳಿ ಪಲ್ಲೆ ಬೇಕಂತ ಬಯಸಿದ್ಲಂತ. ಒಂದೊಂದ ಸಿವುಡು ಎತ್ತಿ ಎತ್ತಿ ನೋಡಿ, "ಈ ಸಲ ಭಾಳ ದಪ್ಪನ್ನು ತಂದೀರಿ ಯಮ್ಮಾ" ಅಂತ ಖುಷಿಲೆ ಒಯ್ದ್ಲು.

ಮೂರನೇ ದಿನ ಬಂದ್ಲು. ಚೀಲ ಇರಲಿಲ್ಲ ಕೈಯಾಗ.

"ಏ ಮುದುಕಿ, ಏನ ಮಾರಿದಿ ನನಗ?"

ಯಮ್ಮಾ ಹೋಗಿ ಮುದುಕಿ ಆಗಿದ್ದೆ.

"ಮನಿಯಾಗ ಮೂರೂ ಮಂದಿ ವಾಂತಿ, ಬೇಧಿ. ಮಗಳಿಗೆ ಎರಡು ದಿನ ಸಲೈನ್ ಹಚ್ಯಾರ. ಹೊಟ್ಟ್ಯಾಗಿನ ಕೂಸಿಗೆ ಏನರ ಆಗಿದ್ರ ನೀ ಬಂದು ಕೊಡತಿದ್ದೇನ?"

"ನನ್ನ ಪಲ್ಲೆ ಅಲ್ಲವಾ ತಂಗಿ. ನಲವತ್ತು ವರ್ಷ ಮಾರೇನಿ."

"ಅಲ್ಲಂದ್ರ ಯಾವುದು? ಅವತ್ತು ಮೂರೂ ಮಂದಿ ರೊಟ್ಟಿ ಪಲ್ಲೆ ಬಿಟ್ರ ಮತ್ತೇನೂ ತಿಂದಿಲ್ಲ. ರೊಟ್ಟಿ ನಾ ಬಡದದ್ದು."

ಬುಟ್ಟಿ ಒದಿತಾಳ ಅಂತ ಮಾಡಿದ್ದೆ. ಒದಿಲಿಲ್ಲ. ಒದ್ದಿದ್ರ ನನಗೂ ಬೈಯಾಕ ಅನುಕೂಲ ಆಗತಿತ್ತು. ಬುಟ್ಟಿ ಮುಂದ ಉಗುಳಿ ಹೋದ್ಲು. ಸುತ್ತಲ ಎಲ್ಲಾರೂ ಕೇಳಿದ್ರು. ಅವತ್ತು ಹಕ್ಕರಕಿನೂ ಮಾರಲಿಲ್ಲ.

ಬಾಜೂಕ ಲಿಂಬಿಹಣ್ಣು ಮಾರೋ ಗೆಳತಿ ಅಂದ್ಲು, "ಅಕ್ಕಾ, ಎಂಟು ದಿನ ಮನಿಯಾಗ ಕುಂದ್ರು. ಮಂದಿ ಮರಿತಾರ."

"ಮಂದಿ ಮರಿತಾರ. ನಾ ಮರಿಬೇಕಲ್ಲ?"

ನನಗ ಗೊತ್ತಾಗಬೇಕಿದ್ದು ಒಂದ. ಆ ಬಸರಿ ಹೆಣಮಗಳನ್ನ ಮಲಗಿಸಿದ್ದು ನನ್ನ ಪಲ್ಲೆ ಹೌದೋ, ಅಲ್ಲೋ. ಅಲ್ಲ ಅಂತಾದ್ರ ಬಾಜಾರದಾಗ ನಿಂತು ಅಲ್ಲ ಅಂತ ಆಕಿ ಬಾಯಿಲೆ ಅನಿಸಬೇಕು ಅಂತ ಹಟ. ಹೌದು ಅಂತಾದ್ರ ಏನು ಅಂತ ನಾ ವಿಚಾರನ ಮಾಡಿರಲಿಲ್ಲ. ಅಷ್ಟು ಖಾತ್ರಿ ಇತ್ತು ನನಗ.

ಮರುದಿನ ಅದ ಕಬ್ಬಿನ ಹೊಲಕ್ಕ ಹೋಗಿ ಒಂದ ಬೊಗಸಿ ಗೋಳಿ ತಂದು, ಬ್ಯಾಳಿ ಹಾಕಿ ಮಾಡಿ, ನಾನೊಬ್ಬಾಕಿನ ಎರಡು ಹೊತ್ತು ಉಂಡೆ. ಸೊಸಿ ಬಾಗಲದಾಗ ನಿಂತು ನೋಡಾಕ ಹತ್ತಿದ್ಲು.

"ಅತ್ತೀ, ನಿಮಗೇನರ ಆದ್ರ ನಾ ಮಂದಿಗೆ ಏನಂತ ಹೇಳ್ಲಿ?"

"ಪಲ್ಲೆ ತಿಂದು ಸತ್ಲು ಅಂತ ಹೇಳು. ಬೈಲಹೊಂಗಲದಾಕಿಗೆ ಮೊದಲ ಹೇಳು."

ಏನೂ ಆಗಲಿಲ್ಲ. ಹೊಟ್ಟಿ ಗುಡುಗುಡು ಸೈತ ಅನಲಿಲ್ಲ. ನನ್ನ ಖಾತ್ರಿ ಇನ್ನಷ್ಟು ಗಟ್ಟಿ ಆತು.

ಆ ಧೈರ್ಯದ ಮ್ಯಾಲ ಆಕಿ ಮಗಳನ್ನ ಇಟ್ಟಿದ್ದ ದವಾಖಾನಿಗೆ ಹೋದೆ. ಅಷ್ಟೊತ್ತಿಗೆ ಮನಿಗೆ ಕಳಿಸಿದ್ರಂತ, ತಾಯಿ ಕೂಸು ಇಬ್ಬರೂ ಆರಾಮ ಅಂತ ನರ್ಸಬಾಯಿ ಹೇಳಿದ್ಲು. ಡಾಕ್ಟರ ಬರೋ ತನಕ ಕುಂತೆ. ಬಂದ ಕೂಡಲೇ ಕೇಳಿದೆ, ನನ್ನ ಪಲ್ಲೆಯಿಂದ ಆದದ್ದೋ ಅಲ್ಲೋ ಹೇಳ್ರಿ ಅಂತ.

"ವಾಂತಿ ನೋಡಿ ಯಾವ ಪಲ್ಲೆ ಅಂತ ನಾ ಹೆಂಗ ಹೇಳ್ಲೆಬೇ?" ಅಂದ್ರು ಅವರು. "ಗಿಡ ಗುರ್ತು ಹಿಡಿಯವರು ಬ್ಯಾರೆ ಇರತಾರ. ಕಿತ್ತೂರಾಗ ಗಿಡಗಂಟಿ ಅಭ್ಯಾಸ ಮಾಡೋ ಮಂದಿದು ಒಂದು ಸಂಘ ಐತಿ. ಅವರದ ಒಂದು ಲೈಬ್ರರಿ. ಈ ಸೀಮಿ ಗಿಡ ಎಲ್ಲಾ ಒಣಗಿಸಿ ಇಟ್ಟಾರಂತ. ಆದ್ರ ಅದು ಸರಕಾರದ್ದಲ್ಲ, ಸಂಘದವರಿಗೆ ಅಷ್ಟ. ಶನಿವಾರ ಮಾತ್ರ ತೆರಿತಾರ. ನಿನ್ನ ಒಳಗ ಬಿಡತಾರೋ ಇಲ್ಲೋ ನಾ ಕಾಣೆ."

ಬಿಡೋದು ಬಿಡದ್ದು ಅವರ ಕೆಲಸ. ಹೋಗೋದು ನನ್ನ ಕೆಲಸ.

ಶನಿವಾರ ಅದ ಕಬ್ಬಿನ ಹೊಲದ ಗೋಳಿ ತಗೊಂಡು ಹೊಂಟೆ. ಚಚಡಿಯಿಂದ ಬೈಲಹೊಂಗಲ, ಅಲ್ಲಿಂದ ಕಿತ್ತೂರ ಬಸ್. ಕಿತ್ತೂರಾಗ ಕೇಳಿಕೋತ ಹೋದ್ರ ನಾಕು ಮಂದಿಗೆ ಗೊತ್ತಿರಲಿಲ್ಲ, ಐದನೇದವ ತೋರಿಸಿದ. ಹಳೇ ಮನಿ, ಕೆಳಗ ಹಿಟ್ಟಿನ ಗಿರಣಿ, ಮ್ಯಾಲ ಲೈಬ್ರರಿ. ಪಾವಟಿಗಿ ಹತ್ತಿದ್ರ ಬಾಗಲಕ್ಕ ಬೋರ್ಡು. ಒಂದೊಂದ ಅಕ್ಷರ ಕೂಡಿಸಿ ಓದಿದೆ. ಸದಸ್ಯರಿಗೆ ಮಾತ್ರ.

ಓದಿ ಒಳಗ ಹೋದೆ.

ಟೇಬಲ್ ಹಿಂದ ಒಬ್ಬರು ಬಾಯಿಯವರು ಕುಂತಿದ್ರು. ನನಗಿಂತ ನಾಕೈದು ವರ್ಷ ಸಣ್ಣವರು ಇರಬೇಕು. ಕಾಲೇಜಿನಾಗ ಗಿಡದ ವಿದ್ಯಾ ಕಲಿಸಿ ರಿಟಾಯರ್ ಆದವರು, ಈಗ ಸಂಘದ ಲೈಬ್ರರಿ ಅವರ ನೋಡಕೋತಾರ ಅಂತ ಆಮ್ಯಾಲ ಗೊತ್ತಾತು. ನಾನು ಅಕ್ಕೋರ ಅಂತ ಕರದೆ. ನಮ್ಮ ಕಡೆ ಕಲಿಸೋ ಹೆಣಮಕ್ಕಳೆಲ್ಲಾ ಅಕ್ಕೋರ.

"ಯಾರು ಬೇಕಾಗಿತ್ರಿ?"

"ಗಿಡದ ಪುಸ್ತಕ ನೋಡಬೇಕಿತ್ರಿ ಅಕ್ಕೋರ."

"ಸದಸ್ಯರೇನು?"

ಆಧಾರ ಕಾರ್ಡು ತೆಗದು ತೋರಿಸಿದೆ.

"ಅಮ್ಮಾ, ಇದು ಬಸ್ ಅಲ್ಲರಿ."

"ಗೊತ್ತೈತ್ರಿ. ಬಸ್ಸಿನಾಗ ಆಗಿದ್ರ ಇಷ್ಟೊತ್ತಿಗೆ ಕುಂದ್ರಿಸತಿದ್ರು."

ಅವರು ನಗಲಿಲ್ಲ. ಚಷ್ಮಾ ತೆಗದು ಮತ್ತ ಹಾಕೊಂಡ್ರು. "ಸದಸ್ಯರಾಗಿರಬೇಕು, ಇಲ್ಲಾ ಸದಸ್ಯರ ಚೀಟಿ ತಂದಿರಬೇಕು. ಎರಡೂ ಇಲ್ಲಾಂದ್ರ ಗುರ್ತು ಹಿಡೀಲಿಕ್ಕೆ ಒಂದು ಗಿಡ ತಂದಿರಬೇಕು. ಗಿಡ ತಂದವರು ಗಿಡದ ಜೋಡಿ ಕೂಡಬಹುದು. ಸಂಘ ಕಟ್ಟಿದವರು ಇಟ್ಟ ರೂಢಿ ಅದು."

"ತಂದೇನಲ್ರಿ ಮತ್ತ!"

ಬಸರಿ ಹೆಣಮಗಳದು, ಎರಡೂ ಹೊಲದ್ದು ಎಲ್ಲಾ ಹೇಳಿಕೋತ ಬುಟ್ಟಿ ಇಳಿಸಿ ಅರವಿ ಬಿಚ್ಚಿದೆ. ಮೂರು ಸಲ ತೊಳದು, ನೀರು ಝಾಡಿಸಿ, ಒಂದೊಂದ ಎಲಿ ಆರಿಸಿ ತಂದಿದ್ದೆ. ಬಾಜಾರಕ್ಕೂ ಅಷ್ಟು ಚಂದ ಮಾಡಿ ಒಯ್ದಾಕಿ ಅಲ್ಲ. ಅವರು ಬಗ್ಗಿ ನೋಡಿದ್ರು.

"ಬೇರು ಎಲ್ಲಿ ಅವ?"

"ಕೊಯ್ದು ಒಗದೆ."

"ಹೂವು?"

"ಚಿವುಟಿ ಒಗದೆ."

"ದಂಟು?"

"ಬಲತ ದಂಟು ಯಾರು ತಿಂತಾರ್ರಿ ಅಕ್ಕೋರ?"

ಈಗ ನಕ್ಕರು. "ಇದು ಗಿಡ ಅಲ್ಲರಿ ಅಮ್ಮಾ, ಇದು ಪಲ್ಲೆ."

ನನಗ ಸಿಟ್ಟು ಬಂತು. ನಮ್ಮಲ್ಲಿ ಒಬ್ಬರ ಮನಿಗೆ ಪಲ್ಲೆ ಒಯ್ದ್ರ ಸೋಸಿ ಒಯ್ಯಬೇಕು. ಮಣ್ಣು, ಬೇರು, ಹೂ, ಹಣ್ಣೆಲಿ ಎಲ್ಲಾ ತೆಗದು. ಬೇರು ಸಮೇತ ಕೊಟ್ರ, ಇಕಿಗೆ ಇಕಿ ಅವ್ವ ಏನೂ ಕಲಿಸಿಲ್ಲ ಅಂತಾರ. ದೊಡ್ಡ ಮಂದಿ ಕಡೆ ಹೋಗೂದಂತ ನಾನು ಮುಂಜಾನೆ ಎದ್ದು ಎಂದೂ ಇಲ್ಲದ್ದು ಸೋಸಿದ್ದೆ. ಅವರಿಗೆ ಬೇಕಾದದ್ದೆಲ್ಲಾ ನಮ್ಮ ತಿಪ್ಪ್ಯಾಗ ಬಿದ್ದಿತ್ತು.

"ನಿಮ್ಮಂಥಾಕಿ ನಮ್ಮ ಮನಿಗೆ ಬಂದ್ರ ನನಗ ಭಾಳ ಸುಖ" ಅಂದ್ರು ಅವರು. "ಇಲ್ಲಿ ಬಂದ್ರ ಉಪಯೋಗ ಇಲ್ಲ. ಬರೇ ಎಲಿ ನೋಡಿ ನಾ ಏನೂ ಹೇಳೂದಿಲ್ಲ. ಹೇಳಿದ್ರ ಅದು ಅಂದಾಜು ಆಗ್ತದ. ಅಂದಾಜು ಬೇಕೇನು ನಿಮಗ?"

"ಅಂದಾಜು ಬಾಜಾರದಾಗ ಬೇಕಾದಷ್ಟು ಐತ್ರಿ."

"ಹಂಗಾದ್ರ ಬರೋ ಶನಿವಾರ ಬರ್ರಿ. ಇಡೀ ಗಿಡ ತರ್ರಿ. ಹೂ ಅರಳಿದಾಗ ಕೀಳಬೇಕು. ಮೊದಲ ಆರಿಸ್ತಿದ್ದ ಹೊಲದಂಥಾ ನೆಲದ್ದು ಒಂದು, ಈ ಕಬ್ಬಿನ ಹೊಲದ್ದು ಒಂದು. ರದ್ದಿ ಪೇಪರಿನ ನಡುವ ಹರವಿ ಮ್ಯಾಲ ಭಾರ ಹೇರ್ರಿ. ದಪ್ಪ ಎಲಿ ಲಗೂ ಒಣಗೂದಿಲ್ಲ, ದಿನಾ ಪೇಪರ್ ಬದಲಸ್ರಿ. ಮತ್ತ ತೊಳೀಬ್ಯಾಡ್ರಿ. ಕೈ ಮುಗಿತೇನಿ, ಸೋಸಬ್ಯಾಡ್ರಿ."

ತಂದ ಪಲ್ಲೆ ಅಲ್ಲೇ ಬಿಟ್ಟು ಬಂದೆನೇನು ಅಂತ ಸೊಸಿ ಕೇಳಿದ್ಲು. ಬಿಡಲಿಲ್ಲ. ಗೊತ್ತಾಗೂತನಕ ಯಾರಿಗೂ ಕೊಡಬಾರದು ಅಂತ ಬುಟ್ಟಿಯಾಗ ವಾಪಸ್ ತಂದು ಕುಣಿ ತೋಡಿ ಮುಚ್ಚಿದೆ. ದನಕ್ಕೂ ಹಾಕಲಿಲ್ಲ.

ಹೂ ಅರಳಿದಾಗ ಕೀಳಬೇಕು ಅಂದಿದ್ರಲ್ಲ, ನನಗ ಆಗ ಒಂದು ಮಾತು ಹೊಳೀತು. ನಲವತ್ತು ವರ್ಷ ನಾನು ಪಲ್ಲೆ ಕಿತ್ತದ್ದೆಲ್ಲಾ ಹೊತ್ತು ಮೂಡೋಕಿಂತ ಮೊದಲ. ತಂಪಿನಾಗ ಕಿತ್ರ ಬಾಡೂದಿಲ್ಲ, ಮೊದಲ ಬಸ್ಸಿಗೆ ಬಾಜಾರ ಸೇರಬಹುದು. ಗೋಳಿ ಹೂ ಅರಳೋದು ಬಿಸಲು ಏರಿದ ಮ್ಯಾಲ. ಅಂದ್ರ ನಾನು ಕಿತ್ತ ಗೋಳಿ ಯಾವುದೂ ಕೀಳೋ ಮುಂದ ಹೂ ಅರಳಿರಲಿಲ್ಲ. ಹಳದಿ ಹೂ ಅಂತ ಗೊತ್ತಿತ್ತು, ಕಳೆ ತೆಗಿಯಾಕ ಹೋದಾಗ ಕಂಡಿದ್ದೆ. ಕೀಳೋ ಮುಂದ ನೋಡಿದಾಕಿ ಅಲ್ಲ.

ಮರುದಿನ ಹತ್ತು ಗಂಟೆ ಬಿಸಲಾಗ ಹೊಲಕ್ಕ ಹೋದೆ. ಔಷಧ ಬೀಳದ ಒಂದು ಶೇಂಗಾ ಹೊಲದ ಒಡ್ಡಿನ ಮ್ಯಾಲ ಗೋಳಿ ಸಿಕ್ತು. ತುದಿಗೆ ಎಲಿ ಗುಂಪಾಗಿ, ನಡುವ ಹಳದಿ ಹೂ. ಬೇರು ಮುರೀಲಾರದಂಗ ಕಿತ್ತು ಪೇಪರಿನಾಗ ಇಟ್ಟೆ. ಅಲ್ಲಿಂದ ಕಬ್ಬಿನ ಹೊಲಕ್ಕ ಹೋಗಿ ಹಳದಿ ಹೂ ಹುಡುಕಿದೆ. ಸಾಲಿನ ಈ ತುದಿಯಿಂದ ಆ ತುದಿಗೆ ನಡದೆ. ಒಂದೂ ಇಲ್ಲ. ಕುಂತು ಒಂದು ಬಳ್ಳಿ ಎತ್ತಿ ನೋಡಿದೆ. ಎಲಿ ಬುಡದಾಗ, ಒಂದು ಚೀಲದಾಗ ಹುಗಿಸಿಟ್ಟಂಗ, ಸಣ್ಣ ಹೂ. ಬಿಳಿ, ಒಂದೀಟು ಗುಲಾಬಿ. ಕೆದರಿದ್ರ ಕಾಣತಿತ್ತು, ಇಲ್ಲಾಂದ್ರ ಇಲ್ಲ.

ಅದನ್ನೂ ಬೇರು ಸಮೇತ ಕಿತ್ತು ಪೇಪರಿನಾಗ ಇಟ್ಟೆ.

ಮನಿಗೆ ಬಂದು ಬೀಸೋ ಕಲ್ಲಿನ ಮ್ಯಾಲಿನ ಕಲ್ಲು ಎತ್ತಿ ಎರಡನ್ನೂ ಅದರ ಕೆಳಗ ಇಟ್ಟೆ. ದಿನಾ ಪೇಪರ್ ಬದಲಿ ಮಾಡಾಕ ಕಲ್ಲು ಎತ್ತಬೇಕು, ಸೊಸಿನ್ನ ಕರೀಬೇಕು.

"ಅತ್ತೀ, ಪಲ್ಲೆಗೂ ಇಸ್ತ್ರಿ ಮಾಡತೀರೇನ್ರಿ?" ಅಂತಿದ್ಲು ಆಕಿ. ಮೂರನೇ ದಿನಕ್ಕ ನಾನ ಹೇಳಿದೆ ಆಕಿಗೆ, ಹೂ ಬ್ಯಾರೆ ಬ್ಯಾರೆ ಅದಾವ ಅಂತ. ಆಕಿ ನಗೋದು ನಿಂತಿತು.

"ಹಂಗಾದ್ರ ಹೋಗಬ್ಯಾಡ್ರಿ ಕಿತ್ತೂರಿಗೆ. ಆ ಮಗಳು ಆರಾಮ ಆಗ್ಯಾಳ. ನೀವು ಇನ್ನ ಕಬ್ಬಿನ ಹೊಲದ್ದು ಕೀಳಬ್ಯಾಡ್ರಿ, ಮುಗೀತು. ಯಾರಿಗೆ ಗೊತ್ತಾಗತೈತಿ?"

"ನಾ ಉಂಡೇನಲ್ಲ, ನನಗ ಯಾಕ ಏನೂ ಆಗಲಿಲ್ಲ? ಅದನ್ನ ಹೇಳು."

ಆಕಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಬಿಳಿ ಹೂವಿನ ಗೋಳಿನೂ ತಿನ್ನೋದ ಇರಬಹುದು. ಹೂವಿನ ಬಣ್ಣ ಬ್ಯಾರೆ ಆದ್ರ ವಿಷ ಅಂತ ಯಾರು ಹೇಳ್ಯಾರ? ಅರ್ಧಾ ಗೊತ್ತಾಗಿ ಕುಂದ್ರೋದು ನನ್ನ ಕೈಲೆ ಆಗಲಿಲ್ಲ.

ಎರಡನೇ ಶನಿವಾರ ಅಕ್ಕೋರು ಪೇಪರ್ ಬಿಚ್ಚಿ ನೋಡಿದ್ರು. ಮಣ್ಣು ಟೇಬಲ್ ಮ್ಯಾಲ ಉದುರಿತು. ಬೇರು, ದಂಟು, ಎಲಿ, ಹೂ ಎಲ್ಲಾ ಇದ್ದವು. ಎಲಿ ಕಪ್ಪಗಾಗಿದ್ವು, ಆದ್ರ ಮುರಿದಿರಲಿಲ್ಲ.

"ನಮ್ಮ ಹುಡುಗೂರು ಮೂರು ವರ್ಷ ಕಲಿತ್ರೂ ಇಷ್ಟು ಸಪಾಟ ಒತ್ತೂದಿಲ್ಲ. ಏನು ಹೇರಿದ್ರಿ?"

"ಬೀಸೋ ಕಲ್ಲು."

"ಬರ್ರಿ, ಕೂಡ್ರಿ."

ಅಂತೂ ಒಳಗ ಖುರ್ಚಿ ಸಿಕ್ತು. ಅವರು ನೋಡಿದ ಕೂಡಲೇ ಹೇಳಿಬಿಡತಾರ ಅಂತ ಮಾಡಿದ್ದೆ. ಹೇಳಲಿಲ್ಲ. ಕಪಾಟಿನಿಂದ ಎರಡು ದೊಡ್ಡ ರಟ್ಟಿನ ಕಟ್ಟು ತಂದು ನನ್ನ ಮುಂದ ಇಟ್ಟು, ಒಂದು ಭೂತಗನ್ನಡಿ ಕೈಯಾಗ ಕೊಟ್ಟರು.

"ಇದರಾಗ ಗೋಳಿ ಜಾತಿವು, ಅದರ ಹಂಗ ಕಾಣೂವು ಎಲ್ಲಾ ಅವ. ನೀವ ಹುಡುಕ್ರಿ."

"ನಾನ? ಇಂಗ್ಲೀಷ್ ಬರೂದಿಲ್ರಿ ಅಕ್ಕೋರ. ಕನ್ನಡನ ತಡವರಿಸ್ತೇನಿ."

"ಗಿಡಕ್ಕ ಇಂಗ್ಲೀಷ್ ಬರತದೇನು? ನಾ ಹೇಳಿದ್ರ ನನ್ನ ಮಾತು ನಂಬಿ ಹೋಗ್ತೀರಿ. ನಾಳೆ ಇನ್ನೊಬ್ಬರು ಬ್ಯಾರೆ ಹೇಳಿದ್ರ ಅವರ ಮಾತೂ ನಂಬ್ತೀರಿ. ನೀವ ನೋಡ್ರಿ."

ಕಟ್ಟು ಬಿಚ್ಚಿದೆ. ಒಂದೊಂದ ದಪ್ಪ ಹಾಳಿಗೆ ಒಂದೊಂದ ಒಣಗಿದ ಗಿಡ, ದಾರದಿಂದ ಹೊಲದಿದ್ರು. ಕೆಳಗ ಮೂಲ್ಯಾಗ ಒಂದು ಚೀಟಿ. ಹಾಳಿ ತಿರಿವಾಕ ಬೆರಳು ನಾಲಿಗಿಗೆ ಹಚ್ಚಿದೆ. ಅಕ್ಕೋರು ಖುರ್ಚಿಯಿಂದ ಎದ್ದು ಓಡಿ ಬಂದು ನನ್ನ ಕೈ ಹಿಡದ್ರು.

"ಅಯ್ಯ ಅಮ್ಮಾ! ಹುಳ ಹತ್ತಬಾರದಂತ ಹಳೇ ಹಾಳಿಗೆ ವಿಷ ಹಚ್ಯಾರ. ಬಾಯಿಗೆ ಬೆರಳು ಹಚ್ಚಬ್ಯಾಡ್ರಿ!"

"ವಿಷ ಹಚ್ಚಿದ ಪಲ್ಲೆ ಇಟಗೊಂಡು ಕುಂತೀರಿ, ಮಂದಿ ನನಗ ಅಂತಾರ."

ಅವರು ನೀರು ಕೊಟ್ಟು ಬಾಯಿ ಮುಕ್ಕಳಿಸಿ ಬರಾಕ ಹಚ್ಚಿದ್ರು. ಹಾಳಿ ತಿರಿವೋದು ಹೆಂಗ ಅಂತಾನೂ ತೋರಿಸಿದ್ರು. ಪುಸ್ತಕದ ಹಂಗ ಮಗಚಿ ಹಾಕಿದ್ರ ಗಿಡ ಮುರಿತೈತಿ. ಎರಡೂ ಕೈಲೆ ಹಿಡಿದು, ಗಿಡ ಮ್ಯಾಲ ಇದ್ದಂಗನ, ಬಾಜೂಕ ಸರಿಸಿ ಇಡಬೇಕು. ಹಂಚಿನ ಮ್ಯಾಲ ರೊಟ್ಟಿ ಹಾಕೋ ಮುಂದ ಎರಡೂ ಕೈ ಹೆಂಗ ಹಿಡಿತೇವೋ ಹಂಗ. ಅದು ನನಗ ಕಲಿಸಬೇಕಾಗಿರಲಿಲ್ಲ.

ಹಿಂಗ ಒಂದು, ಹಿಂಗ ಒಂದು. ಮೊದಲ ಹಳದಿ ಹೂವಿಂದು ಹುಡುಕಿದೆ, ಲಗೂನ ಸಿಕ್ತು. ಎಲಿ, ದಂಟು, ಕಾಯಿ, ಎಲ್ಲಾ ನನ್ನದರ ಹಂಗ. ಕೆಳಗಿನ ಚೀಟ್ಯಾಗ ಇಂಗ್ಲೀಷಿನ ಕೆಳಗ ಯಾರೋ ಕನ್ನಡದಾಗ "ಗೋಳಿ" ಅಂತ ಬರದಿದ್ರು. ಅದನ್ನ ಓದಿದೆ, ತಪ್ಪಿಲ್ಲದ.

ಇನ್ನೊಂದಕ್ಕ ಹೊತ್ತು ಹಿಡೀತು. ಕೆಳಗ ಗಿರಣಿ ಬಂದಾಗಿ ಮತ್ತ ಚಾಲೂ ಆತು. ಅಕ್ಕೋರು ಚಹಾ ತರಿಸಿದ್ರು, ಹಾಳಿ ಹತ್ರ ತರಬ್ಯಾಡ್ರಿ ಅಂತ ಬಾಗಲ ಹೊರಗ ನಿಂತು ಕುಡಿಯಾಕ ಹೇಳಿದ್ರು. ಕುಡದು ಬಂದು ಮತ್ತ ಕುಂತೆ. ಎರಡು ಸಲ ಇದ ಅಂತ ಅನಿಸಿ, ಹೂ ನೋಡಿದ್ರ ಅಲ್ಲ ಆತು. ಆಮ್ಯಾಲ ಒಂದು ಹಾಳಿ ಬಂತು. ಎಲಿ ಜೋಡಿ ಜೋಡಿ, ಒಂದು ಎಲಿ ದೊಡ್ಡದು, ಎದುರಿಗಿನ ಎಲಿ ಸಣ್ಣದು. ನನ್ನ ಒಣ ಗಿಡ ಬಾಜೂಕ ಇಟ್ಟು ನೋಡಿದೆ. ಅದೂ ಹಂಗ, ಪ್ರತಿ ಜೋಡಿನೂ ಒಂದು ದೊಡ್ಡದು ಒಂದು ಸಣ್ಣದು. ಸೋಸೋ ಮುಂದ ಆ ಎಲಿ ಒಂದೊಂದ ಕೈಯಾಗ ಹಿಡದಿದ್ದೆ, ಕಂಡಿರಲಿಲ್ಲ. ಭೂತಗನ್ನಡಿ ಹಿಡಿದು ಬುಡ ನೋಡಿದೆ. ಅದ ಚೀಲ, ಅದ ಹುಗದಿಟ್ಟ ಹೂ. ಚೀಟ್ಯಾಗ ಊರಿನ ಹೆಸರು ಕನ್ನಡದಾಗ ಇತ್ತು, ಸುರೇಬಾನ. ಅದರ ಮುಂದ, ಕಬ್ಬಿನ ಹೊಲ.

"ಅಕ್ಕೋರ, ಸಿಕ್ತು."

ಅವರು ಬಂದು ನೋಡಿ ತಲಿ ಅಲ್ಲಾಡಿಸಿದ್ರು. ಒಂದು ಉದ್ದನ್ನ ಹೆಸರು ಹೇಳಿದ್ರು, ನನ್ನ ನಾಲಿಗಿಗೆ ಹತ್ತಲಿಲ್ಲ. "ಗೋಳಿ ಅಲ್ಲ ಇದು. ಅದರ ಕುಲನ ಅಲ್ಲ. ನೋಡ್ಲಿಕ್ಕೆ ಅಷ್ಟ ಹಂಗ. ನೀರು ಹಾಯಿಸಿದ ಹೊಲದಾಗ ಭಾಳ ಹಬ್ಬತದ."

"ತಿನ್ನಬಹುದೋ, ತಿನ್ನಬಾರದೋ?"

ದಪ್ಪ ಪುಸ್ತಕ ಒಂದು ತಂದು, ಹುಡುಕಿ, ಮನಸಿನಾಗ ಓದಿಕೊಂಡ್ರು. ನನ್ನ ಮಾರಿ ನೋಡಿದ್ರು.

"ಇದ್ದದ್ದು ಇದ್ದಂಗ ಓದ್ರಿ."

"ಎಳೀ ಚಿಗುರು ಕೆಲವು ಕಡೆ ಪಲ್ಲೆ ಮಾಡಿ ತಿಂತಾರ ಅಂತ ಬರದಾರ. ಬಲತ ಎಲಿ ತಿಂದ್ರ ಬೇಧಿ ಆಗತದ, ಹೊಟ್ಟಿ ಕೆಡತದ ಅಂತ ಅದ."

"ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದ್ರು. ಆಗ ನನಗ ಎಲ್ಲಾ ಕೂಡಿ ಬಂತು. ಆಕಿಗೆ ಮಾರಿದ್ದು ಮೊದಲನೇ ಸಲ ಕಿತ್ತದ್ದು, ತಿಂಗಳಾನಗಟ್ಲೆ ಹಬ್ಬಿ ಬಲತದ್ದು. ದಪ್ಪನ್ನು ತಂದೀರಿ ಅಂದಿದ್ಲು ಆಕಿ. ಅವತ್ತು ದಂಟು ಚಿವುಟಾಕ ಉಗುರು ಸಾಲದ ಕುಡಗೋಲು ಹಚ್ಚಿದ್ದೆ. ನಾನು ಪರೀಕ್ಷಾ ಮಾಡಿ ಉಂಡದ್ದು ನಾಕು ದಿನದ ಮ್ಯಾಲ, ಅದ ಜಾಗಾದಾಗ ಕೊಯ್ದ ಬುಡಕ್ಕ ಹೊಸದಾಗಿ ಒಡದ ಚಿಗುರು. ಹೊಟ್ಟಿ ನನಗ ಸುಳ್ಳು ಸಾಕ್ಷಿ ಹೇಳಿತ್ತು.

"ಹಂಗಾದ್ರ ನನ್ನ ಪಲ್ಲೆನ" ಅಂದೆ.

"ಹಂಗ ಗಟ್ಟಿ ಹೇಳ್ಲಿಕ್ಕೆ ಬರೂದಿಲ್ಲ. ಅವರು ಬ್ಯಾರೆ ಏನರ ತಿಂದಿರಬಹುದು. ನೀರು ಕೆಟ್ಟಿರಬಹುದು."

"ಅಕ್ಕೋರ, ಹೋದ ಶನಿವಾರ ನೀವ ಅಂದ್ರಿ, ಅಂದಾಜು ಬ್ಯಾಡ ಅಂತ."

ಅವರು ಪುಸ್ತಕ ಮುಚ್ಚಿದ್ರು. ಆಮ್ಯಾಲ ಮೆತ್ತಗ ಅಂದ್ರು, "ಇದು ಪೋಲೀಸ್ ಠಾಣೆ ಅಲ್ಲರಿ ಅಮ್ಮಾ. ಇಲ್ಲಿಂದ ಯಾರಿಗೂ ಸುದ್ದಿ ಹೋಗೂದಿಲ್ಲ."

"ಗೊತ್ತೈತ್ರಿ."

ಸಂಘದ ಇನ್ನೊಂದು ರೂಢಿ ಐತಿ. ಗಿಡ ಚಲೋ ಇದ್ರ ಅಲ್ಲೇ ಇಟಗೋತಾರ, ತಂದವರು ತಮ್ಮ ಕೈಲೆ ಚೀಟಿ ಬರೀಬೇಕು. ಎಲ್ಲಿ ಸಿಕ್ತು, ಎಂಥಾ ನೆಲ, ಆ ಊರಾಗ ಏನಂತಾರ, ಏನಕ್ಕ ಉಪಯೋಗ. ಅಕ್ಕೋರು ಪೆನ್ನು ಕೊಟ್ಟು, ನೀವು ಹೇಳ್ರಿ ನಾ ಬರೀತೇನಿ ಅಂದ್ರು. ನಾನ ಬರೀತೇನಿ ಅಂದೆ. ಚಚಡಿ ಅಂತ ಬರದೆ. ಕಬ್ಬಿನ ಹೊಲ, ಬೋರಿನ ನೀರು. ಊರಾಗ ಗೋಳಿ ಅಂತಾರ, ಗೋಳಿ ಅಲ್ಲ. ಪೆನ್ನು ಹಿಡದ ರೂಢಿ ಇಲ್ಲ, ಅಷ್ಟಕ್ಕ ಹೊತ್ತು ಹಿಡೀತು. ಕಡೀ ಸಾಲು ಉಪಯೋಗದ್ದು. ಅಲ್ಲಿ ಬರದೆ: ಬಲತದ್ದು ಪಲ್ಲೆ ಅಂತ ಮಾರಿದೆ. ಮೂರು ಮಂದಿಗೆ ವಾಂತಿ ಬೇಧಿ. ಒಬ್ಬಾಕಿ ಬಸರಿ.

"ಇದು ಬರೀಬೇಕಂತ ಇಲ್ಲರಿ" ಅಂದ್ರು ಅಕ್ಕೋರು. "ಬರೇ ಉಪಯೋಗ ಇಲ್ಲ ಅಂತ ಬರದ್ರೂ ನಡಿತದ."

"ಮುಂದ ನನ್ನಂಥಾಕಿ ಯಾವಾಕಿ ಆದ್ರೂ ಪಲ್ಲೆ ತಗೊಂಡು ನಿಮ್ಮ ಬಾಗಲಕ್ಕ ಬಂದ್ರ, ಆಕಿಗೆ ಇದನ್ನ ಓದಿ ಹೇಳ್ರಿ. ಇರಲಿ ಅದು."

ಚೀಟಿ ಅಳಿಸಲಿಲ್ಲ ಅವರು. ವಾಂತಿಗೆ ಒಂದು ಸೊನ್ನಿ ಬಿಟ್ಟಿದ್ದೆ, ಅದನ್ನ ಸೈತ ತಿದ್ದದ ಹಂಗ ಅಂಟಿಸಿದ್ರು. ಹೊಂಟು ನಿಂತಾಗ, "ಮತ್ತ ಬರ್ರಿ. ನಿಮ್ಮ ಕಡೆ ಪಲ್ಲೆ ಎಷ್ಟವ, ಎಲ್ಲಾ ಒತ್ತಿ ತರ್ರಿ. ಬೋರ್ಡು ಓದಬ್ಯಾಡ್ರಿ" ಅಂದ್ರು. ನೋಡೂಣ್ರಿ ಅಂದೆ. ನನ್ನ ತಲ್ಯಾಗ ಬ್ಯಾರೆ ಇತ್ತು.

ಬಸ್ಸಿನಾಗ ಕಿಟಕಿ ಬಾಜೂಕ ಕುಂತು ವಿಚಾರ ಮಾಡಿದ್ದು ಇಷ್ಟ. ಬಾಜಾರದಾಗ ಆಕಿ ಬಾಯಿಲೆ ಅಲ್ಲ ಅನಿಸಬೇಕಂತ ಹೊಂಟಿದ್ದೆ. ಈಗ ನನ್ನ ಬಾಯಿಲೆ ಹೌದು ಅನಬೇಕು. ಆಕಿ ಬಾಜಾರಕ್ಕ ಬಂದು ಅಂದಿದ್ಲು, ನಾನು ಆಕಿ ಮನಿಗೆ ಹೋಗಿ ಅನಬೇಕು. ಮನಿಯಾಗ ಸೊಸಿ ಏನಾತು ಅಂತ ಕೇಳಿದ್ಲು, ನನ್ನ ಪಲ್ಲೆನ ಅಂದೆ. ಆಕಿ ತಾಟು ಹಚ್ಚಿ ಕೊಟ್ಲು, ನಾನು ಉಂಡೆ.

ಮರುದಿನ ಮುಂಜಾನೆ ಪಲ್ಲೆ ಕೀಳಾಕ ಹೋಗಲಿಲ್ಲ. ಹೊತ್ತೇರೂತನಕ ಕಾದು, ಒಡ್ಡಿನ ಮ್ಯಾಲಿನ ಗೋಳಿ ಒಂದು, ಕಬ್ಬಿನ ಹೊಲದ್ದು ಒಂದು, ಬೇರು ಮಣ್ಣು ಸಮೇತ ಕಿತ್ತು, ಒದ್ದಿ ಅರಿವ್ಯಾಗ ಸುತ್ತಿ ಬೈಲಹೊಂಗಲದ ಬಸ್ ಹತ್ತಿದೆ. ಆಕಿ ಮನಿ ಬಾಗಲ ಬಡದೆ. ಆಕಿನ ತೆಗದ್ಲು. ಒಳಗ ಹೊರಸಿನ ಮ್ಯಾಲ ಮಗಳು ಕುಂತು ತಲಿ ಬಾಚಿಕೊಳ್ಳಾಕ ಹತ್ತಿದ್ಲು.

"ಯಾಕ ಬಂದಿ?"

"ನನ್ನ ಪಲ್ಲೆ ಅಲ್ಲ ಅಂತ ಅವತ್ತು ಅಂದಿದ್ದೆ. ನನ್ನ ಪಲ್ಲೆನ ಅದು. ಗೋಳಿ ಅಂತ ಬ್ಯಾರೆ ಗಿಡ ಕೊಟ್ಟೆ ನಿನಗ. ಕಿತ್ತೂರಿಗೆ ಹೋಗಿ ನೋಡಿಕೊಂಡು ಬಂದೇನಿ."

ನಾನು ಹೊಸ್ತಿಲ ಹೊರಗ ಕುಂತು ಅರಿವಿ ಬಿಚ್ಚಿ ಎರಡೂ ಗಿಡ ಬಾಜೂಬಾಜೂಕ ಇಟ್ಟೆ. ಕಟ್ಟಿ ಮ್ಯಾಲ ಮಣ್ಣು ಬಿತ್ತು.

"ಹಳದಿ ಹೂವಿಂದು ತಿನ್ನೋದು. ಈ ಬಿಳಿದು, ಬುಡದಾಗ ಹುಗದಿದ್ದು, ಇದು ಬ್ಯಾಡ. ಎಲಿ ನೋಡು, ಒಂದು ದೊಡ್ಡದು, ಒಂದು ಸಣ್ಣದು."

"ಇನ್ನ ಮ್ಯಾಲ ನಿನ್ನ ಕೈಯಾಗಿಂದ ಏನೂ ತಗೊಳ್ಳೂದಿಲ್ಲ ನಾ" ಅಂದ್ಲು ಆಕಿ.

"ತಗೋಬ್ಯಾಡ. ಬ್ಯಾರೆ ಯಾರ ಕಡೆ ತಗೊಂಡ್ರೂ ಇದನ್ನ ನೋಡಿ ತಗೋ."

ಮಗಳು ಬಾಚಣಿಕಿ ಬಿಟ್ಟು, ಗ್ವಾಡಿ ಹಿಡಕೊಂಡು ಎದ್ದು ಬಂದು ಬಾಗಲದಾಗ ಕುಂತ್ಲು. ಬಿಳಿ ಹೂವಿಂದು ಎತ್ತಿ ಎಲಿ ಮುಟ್ಟಿ ನೋಡಿದ್ಲು. ಅವ್ವನೂ ಬಗ್ಗಿದ್ಲು. ಇಬ್ಬರಿಗೂ ಗುರ್ತು ಹತ್ತೂತನಕ ಕುಂತಿದ್ದು, ಅಲ್ಲಿಂದ ಎದ್ದು ಬಾಜಾರಕ್ಕ ಹೋಗಿ ಲಿಂಬಿಹಣ್ಣಿನಾಕಿಗೂ ತೋರಿಸಿದೆ.